ಕುಡಿಯಲು ಯೋಗ್ಯ

2025 ಮಾರ್ಚ್ 11, ಮಂಗಳವಾರ

ನಿನ್ನೆ, ಮಾರ್ಚ್ ಹತ್ತನೇ ತಾರೀಕು, ನಮ್ಮ ಅಡ್ಡರಸ್ತೆಯ ಬೋರ್‌ವೆಲ್ ನೀರು ‘ಕುಡಿಯಲು ಯೋಗ್ಯ’ ಎಂದು ಇಲಾಖೆ ಅಚ್ಚು ಹಾಕಿಸಿ, ಮೊಹರು ಒತ್ತಿ ಪ್ರಕಟಿಸಿದೆ. ಇದು ಸುಳ್ಳು. ಬಕೆಟ್ಟಿನಲ್ಲಿ ಹಿಡಿದಿಟ್ಟರೆ ಅರ್ಧ ಗಂಟೆಯಲ್ಲಿ ಹಳದಿಗೆ ತಿರುಗುವ ನೀರು, ಬಿಳಿ ಪಂಚೆಯನ್ನು ಒಗೆದರೆ ಹೊಂಬಣ್ಣ ಮಾಡುವ ನೀರು, ಗರುಡಾಚಾರ್‌ಪಾಳ್ಯದ ಅರ್ಧ ಊರಿಗೆ ಚರ್ಮದ ತುರಿಕೆ ಹಂಚಿದ ನೀರು ಈಗ ಸರ್ಕಾರದ ಕಾಗದದಲ್ಲಿ ಯೋಗ್ಯವಾಗಿದೆ.

ಯಾಕೆ ಯೋಗ್ಯವಾಯಿತೆಂದರೆ, ರಸ್ತೆಯ ಕೊನೆಯಲ್ಲಿರುವ ಕ್ರೋಮ್ ಲೇಪನದ ಕಾರ್ಖಾನೆ (ಜನ ಅದನ್ನು ಬರೀ ‘ಪ್ಲೇಟಿಂಗ್’ ಎನ್ನುತ್ತಾರೆ) ತನ್ನನ್ನು ಎರಡರಷ್ಟು ದೊಡ್ಡದು ಮಾಡಿಕೊಳ್ಳಲು ಹೊರಟಿದೆ. ಅದಕ್ಕೆ ಅನುಮತಿ ಬೇಕು. ನೀರು ಕೆಟ್ಟಿದ್ದರೆ ಅನುಮತಿ ಸಿಗುವುದಿಲ್ಲ. ನೀರು ಚೆನ್ನಾಗಿದ್ದರೆ ನಮ್ಮ ರಸ್ತೆಗೆ ಕಾವೇರಿ ಪೈಪು ಎಳೆಯುವ ತುರ್ತೂ ಇಲ್ಲ. ಒಂದು ಸುಳ್ಳಿನಿಂದ ಎರಡು ಕೆಲಸ.

ನಾನು 1997ರಿಂದ ಇಲ್ಲಿದ್ದೇನೆ. ದಾವಣಗೆರೆಯಿಂದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಬಾಡಿಗೆ ಮನೆಗಳಲ್ಲಿದ್ದು, ಕೊನೆಗೆ ಈ ಮನೆ ಕಟ್ಟಿದ ವರ್ಷ ಆ ಬೋರಿನ ನೀರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. 2004ರಲ್ಲಿ ಕಾರ್ಖಾನೆ ಬಂತು. ಮಾರನೆಯ ಬೇಸಿಗೆಗೆ ಹಸುಗಳು ಅದರ ಹಿಂದಿನ ಚರಂಡಿಯ ನೀರಿಗೆ ಮೂತಿ ಇಡುವುದನ್ನು ಬಿಟ್ಟವು. ಈಗ ಹಸುಗಳೇ ಇಲ್ಲ. ಮರೆಯುವವರು ಮರೆಯಲಿ, ನನಗೆ ಎಲ್ಲ ನೆನಪಿದೆ.

ಇನ್ನೊಂದು ವಿಷಯ. ಆ ಪರೀಕ್ಷೆಗೆ ನೀರು ಹಿಡಿದದ್ದು ಮುನಿಆಂಜನಪ್ಪನ ಮನೆಯಲ್ಲಂತೆ. ಕಾರ್ಖಾನೆ ನಿಂತಿರುವುದು ಅವನ ಜಾಗದಲ್ಲಿ, ಬಾಡಿಗೆ ಎಣಿಸುವವನು ಅವನು. ಒಂದು ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನುಷ್ಯ. ಮಾರಿಕೊಂಡಿದ್ದಾನೆ, ಸಂಶಯವಿಲ್ಲ.

ಏಪ್ರಿಲ್ 9ಕ್ಕೆ ಈ ವಿಸ್ತರಣೆಯ ಬಗ್ಗೆ ‘ಸಾರ್ವಜನಿಕ ಆಲಿಕೆ ಸಭೆ’. ಮೂವತ್ತೊಂದು ವರ್ಷ ಸರ್ಕಾರಿ ಮುದ್ರಣಾಲಯದಲ್ಲಿ ರಾಜ್ಯಪತ್ರದ ಕರಡು ತಿದ್ದಿದವಳು ನಾನು. ಸರ್ಕಾರದ ಕನ್ನಡದಲ್ಲಿ ಯಾವ ಪದ ಯಾವುದನ್ನು ಮುಚ್ಚಿಡುತ್ತದೆ ಎಂದು ಬಲ್ಲೆ. ಆಲಿಕೆ ಎಂದರೆ ಕೇಳಿಸಿಕೊಳ್ಳುವುದು. ಉತ್ತರಿಸುವ ಮಾತು ಅದರಲ್ಲಿಲ್ಲ.

ಇವತ್ತೇ ಮನವಿ ಬರೆಯಲು ಕುಳಿತೆ. ಈ ಜನರಿಗೆ ಬರೆಯಲು ಬರುವುದಿಲ್ಲ, ನಾನಾದರೂ ಬರೆಯಬೇಕು.

ಇವರು ಇಣುಕಿ ನೋಡಿ, “ಏನ್ ಗೆಜೆಟ್ಟೂ, ಹೊಸ ಅಧಿಸೂಚನೆನಾ?” ಎಂದರು. ಮದುವೆಯಾಗಿ ಮೂವತ್ತಾರು ವರ್ಷವಾದರೂ ನನ್ನ ಹೆಸರು ವಿಮಲಾಕ್ಷಿ ಎಂಬುದು ಈ ಪಂಚಾಕ್ಷರಯ್ಯನವರಿಗೆ ಜ್ಞಾಪಕವಿರುವುದು ರೇಷನ್ ಕಾರ್ಡಿನ ಹೊತ್ತಿಗೆ ಮಾತ್ರ.

ಇವರ ಪಾದ ಮತ್ತೆ ಊದಿಕೊಂಡಿದೆ.

ಮಾರ್ಚ್ 17, ಸೋಮವಾರ

ಶಿವಾಜಿನಗರದ ಆಸ್ಪತ್ರೆಗೆ ಇವರನ್ನು ಕರೆದುಕೊಂಡು ಹೋದೆ. ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಯವರೆಗೆ ನಡೆಯಲು ಇವರಿಗೆ ಮೂರು ಕಡೆ ನಿಲ್ಲಬೇಕಾಯಿತು. ನಿಂತಲ್ಲೆಲ್ಲ ಏನಾದರೂ ಬೆಲೆ ಕೇಳುವ ನೆಪ. “ಕಾಲು ನೋವಾ?” ಎಂದರೆ, “ಇಲ್ವೇ, ಈ ಪಪ್ಪಾಯ ನೋಡು” ಎನ್ನುತ್ತಾರೆ.

ಮೂತ್ರಪಿಂಡದ ವಿಭಾಗದಲ್ಲಿ ನೌರೀನ್ ಎಂಬ ಹುಡುಗಿ ವಯಸ್ಸಿನ ಡಾಕ್ಟರು. ರಕ್ತದ ವರದಿ ನೋಡಿ ಕನ್ನಡಕ ತೆಗೆದಿಟ್ಟಳು. ಮೂತ್ರಪಿಂಡ ಸೋತಷ್ಟೂ ಏರುವ ಕ್ರಿಯಾಟಿನಿನ್ ಕಳೆದ ಸಲಕ್ಕಿಂತ ಏರಿದೆ.

“ಅಂಕಲ್, ಕುಡಿಯೋದು ಯಾವ ನೀರು?”

“ಸ್ವಲ್ಪ ಹಳದಿ ಡಾಕ್ಟ್ರೇ. ನಮ್ಮನೆಯವಳು ಅದನ್ನ ನಿಂಬೆಹಣ್ಣಿನ ಶರಬತ್ತು ಅನ್ಕೊಂಡು ಕುಡೀರಿ ಅಂತಾಳೆ.”

ನಾನು ಹಾಗೆ ಹೇಳಿಲ್ಲ. ನೀರನ್ನು ದುಡ್ಡು ಕೊಟ್ಟು ಕೊಳ್ಳುವುದು ನಾಗರಿಕನ ಸೋಲು ಎಂದು ಹೇಳಿದ್ದೇನೆ. ನೀರು ಕೊಡುವುದು ಸರ್ಕಾರದ ಹೊಣೆ. ನಮ್ಮಲ್ಲಿ ಒಳ್ಳೆಯ ಕ್ಯಾಂಡಲ್ ಫಿಲ್ಟರ್ ಇದೆ, ಅದನ್ನೂ ಹೇಳಿದೆ, ಕಾರ್ಖಾನೆಯ ವಿಷಯವನ್ನೂ ಹೇಳಿದೆ.

“ಇಸ್ಕು ಫಿಲ್ಟರ್ ಕ್ಯಾ ಕರ್ತಾ,” ಇದಕ್ಕೆ ಫಿಲ್ಟರ್ ಏನು ಮಾಡೀತು ಎಂದು ಆ ಹುಡುಗಿ ತನ್ನ ಮನೆಮಾತಿನಲ್ಲಿ ತನ್ನಷ್ಟಕ್ಕೆ ಗೊಣಗಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಹತ್ರದಲ್ಲಿ ಪ್ಲೇಟಿಂಗ್ ಫ್ಯಾಕ್ಟರಿ ಇದೆ ಅಂತೀರಾ. ನೀರಲ್ಲಿ ಕ್ರೋಮಿಯಂ ಇದ್ರೆ ಆ ಕ್ಯಾಂಡಲ್ ಹಿಡಿಯಲ್ಲ ಆಂಟಿ. ಸೀದಾ ಒಳಗೆ ಹೋಗತ್ತೆ.”

“ಹಾಗಂತ ಬರೆದು ಕೊಡಿ. ಈ ನೀರಿನಿಂದಲೇ ಹೀಗಾಯಿತು ಅಂತ. ಸಭೆಯಲ್ಲಿ ಓದುತ್ತೇನೆ.”

“ಅದಕ್ಕೆ ನನ್ನ ಹತ್ರ ಪುರಾವೆ ಇಲ್ಲ. ಅಂಕಲ್‌ಗೆ ಶುಗರ್ ಇದೆ, ವಯಸ್ಸಾಗಿದೆ. ಸುಳ್ಳು ಬರೆಯಲ್ಲ ನಾನು.” ಪೆನ್ನು ತೆಗೆದಳು. “ಆದ್ರೆ ಇವತ್ತಿಂದ ಆ ನೀರು ಬಾಯಿಗೆ ಹಾಕ್ಬಾರ್ದು ಅಂತ ಬರೀತೀನಿ. ದೊಡ್ಡ ಅಕ್ಷರದಲ್ಲಿ. ಸಾಕಾ?”

ಸಾಕಾಗಲಿಲ್ಲ. ಆದರೂ ಸುಳ್ಳು ಬರೆಯಲ್ಲ ಎಂದದ್ದು ಹಿಡಿಸಿತು. ಬೋರಿನ ನೀರನ್ನು ಪರೀಕ್ಷೆಗೆ ಕೊಡಲು ಕಮ್ಮನಹಳ್ಳಿಯ ಒಂದು ಲ್ಯಾಬಿನ ವಿಳಾಸವನ್ನೂ ಕೊಟ್ಟಳು.

ಮಾರ್ಚ್ 18

ಕ್ಯಾನ್ ನೀರು ತರಿಸಿದೆ. ಎರಡು.

ಮಾರ್ಚ್ 22, ಶನಿವಾರ

ವಿಶ್ವ ಜಲ ದಿನವಂತೆ. ಮುಖ್ಯರಸ್ತೆಯ ಟೆಕ್ ಆಫೀಸಿನ ಮುಂದೆ ನೀಲಿ ಟೀ ಶರ್ಟು ತೊಟ್ಟವರು ‘ಪ್ರತಿ ಹನಿಯೂ ಅಮೂಲ್ಯ’ ಎಂಬ ಫಲಕ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಮೂಲ್ಯವಾದ ನಮ್ಮ ಹನಿಗಳು ಅಲ್ಲಿಂದ ಕೂಗಳತೆಯಲ್ಲೇ ಇವೆ, ಬಂದು ನೋಡಿ ಎನ್ನಬೇಕೆನಿಸಿತು. ತರಕಾರಿ ಚೀಲ ಭಾರವಿತ್ತು, ಬಂದುಬಿಟ್ಟೆ.

ಸಂಜೆ ಮಹಡಿಯ ಬಾಡಿಗೆಯವನು ಬಸು ಬಂದ. ಗದಗದ ಕಡೆಯವನು, ಹೆಂಡತಿ ಇದ್ದಾಳೆ, ಅದೇ ಪ್ಲೇಟಿಂಗ್‌ನಲ್ಲಿ ಕೆಲಸ. ಬಾಗಿಲಲ್ಲೇ ನಿಂತ.

“ಅಕ್ಕಾರ, ಫ್ಯಾಕ್ಟರಿ ಬಂದ್ ಮಾಡ್ರಿ ಅಂತ ಬರದೀರಂತ?”

“ಬರೆದಿದ್ದೇನೆ. ನಿನ್ನ ಕೈ ನೋಡಿಕೊಂಡಿದ್ದೀಯೇನಪ್ಪ?”

ಅವನ ಬೆರಳ ಗೆಣ್ಣುಗಳಲ್ಲಿ ಕಡಲೆಕಾಳು ಕೂರುವಷ್ಟು ಗುಳಿಗಳಿವೆ. ನೋವಿಲ್ಲವಂತೆ, ಒಣಗುವುದೂ ಇಲ್ಲವಂತೆ.

“ಕೈ ನಂದ ಅಲ್ರಿ, ನೋಡ್ಕೊಂಡೀನಿ. ಆದ್ರ ಈ ಕೈಲೇ ಊಟ ಬರ್ತೈತಿ. ನೀವು ಇಲ್ಲೆ ಬಂದ್ ಮಾಡಸ್ತೀರಿ, ಅವ್ರು ಹೊಸಕೋಟಿ ಕಡೆ ತೆಗೀತಾರ. ಅಲ್ಲೀ ಬೋರ್ ಕೆಡ್ತೈತಿ. ನಾ ಅಲ್ಲಿಗೂ ಹೊಕ್ಕೀನಿ. ಮತ್ತೇನಾತ್ರಿ?”

ಉದ್ಧಟತನ ಎಂದುಕೊಂಡೆ. ಬಾಗಿಲು ಹಾಕಿಕೊಂಡೆ. ಇವರು ಪೇಪರಿನಿಂದ ತಲೆಯೆತ್ತದೆ, “ಅವನು ಹೇಳಿದ್ದರಲ್ಲಿ ತಪ್ಪೇನಿದೆ, ಎಲ್ಲಿದೆ ತೋರಿಸು, ತಿದ್ದು” ಎಂದರು.

ತಿದ್ದಲು ಏನೂ ಸಿಗಲಿಲ್ಲ. ಸಂವಿಧಾನದ ಇಪ್ಪತ್ತೊಂದನೇ ವಿಧಿ ಬದುಕುವ ಹಕ್ಕನ್ನು ಕೊಟ್ಟಿದೆ. ಮಾಲಿನ್ಯವಿಲ್ಲದ ನೀರು, ಗಾಳಿ ಆ ಹಕ್ಕಿನೊಳಗೇ ಇವೆ ಎಂದು ಸುಪ್ರೀಂ ಕೋರ್ಟು 1991ರಲ್ಲಿ ಹೇಳಿದೆ. ಇದನ್ನು ನಾನು ಎಷ್ಟೋ ಸಲ ಎಷ್ಟೋ ಮನವಿಯಲ್ಲಿ ಬರೆದಿದ್ದೇನೆ. ಬಸುವಿನ ದುಡಿಮೆಯೂ, ಅವನ ಕೈಯೂ ಅದೇ ವಿಧಿಯೊಳಗೆ ಬರುತ್ತವಲ್ಲ. ಹಾಗಾದರೆ ಅವನ ಅನ್ನವನ್ನೂ ನನ್ನ ನೀರನ್ನೂ ಎದುರುಬದುರು ನಿಲ್ಲಿಸಿ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದವರು ಯಾರು? ಅವರೇ ಅದಕ್ಕೆ ಅಭಿವೃದ್ಧಿ ಎಂದು ಹೆಸರಿಟ್ಟವರು.

‘ಮುಚ್ಚಿಸಬೇಕು’ ಎಂಬುದನ್ನು ಹೊಡೆದು ಹಾಕಿ ಬರೆದೆ: ಶುದ್ಧ ಮಾಡದ ನೀರು ಒಂದು ಹನಿಯೂ ನೆಲಕ್ಕೆ ಇಳಿಯಕೂಡದು. ಕೆಲಸಗಾರರಿಗೆ ಕೈಗವಸು, ವೈದ್ಯಕೀಯ ತಪಾಸಣೆ, ಚಿಕಿತ್ಸೆ. ರಸ್ತೆಗೆ ಕಾವೇರಿ ನೀರು. ಇಷ್ಟು ಆಗುವತನಕ ವಿಸ್ತರಣೆಯ ಮಾತು ಬೇಡ.

ಮೊದಲಿನದಕ್ಕಿಂತ ಉದ್ದವಾಯಿತು. ಪರವಾಗಿಲ್ಲ.

ಮಾರ್ಚ್ 30, ಭಾನುವಾರ, ಯುಗಾದಿ

ಮುನಿಆಂಜನಪ್ಪನ ಮನೆಯಿಂದ ಊಟಕ್ಕೆ ಕರೆ. ಹೋಗುವುದಿಲ್ಲ ಎಂದೆ. ಇವರು ಆಗಲೇ ಪಂಚೆ ಉಟ್ಟು ನಿಂತಿದ್ದರು. ಹಬ್ಬದ ದಿನ ಒಬ್ಬಟ್ಟಿನ ಮೇಲೆ ಕೋಪ ಮಾಡಿಕೊಳ್ಳುವಷ್ಟು ತತ್ವನಿಷ್ಠೆ ಇವರಿಗಿಲ್ಲ.

ಎಲೆಯ ಮುಂದೆ ಕುಳಿತು ಕೇಳಿಯೇಬಿಟ್ಟೆ. “ಪರೀಕ್ಷೆಗೆ ನೀರು ನೀವೇ ಕೊಟ್ಟಿರಂತೆ. ಎಲ್ಲಿಂದ ಹಿಡಿದು ಕೊಟ್ಟಿರಿ?”

“ಅಡುಗೆಮನೆ ನಲ್ಲೀಲಿ,” ಎಂದ ಮುನಿಆಂಜನಪ್ಪ, ತುಪ್ಪದ ಮಿಳ್ಳೆ ಹಿಡಿದುಕೊಂಡೇ.

ಅವನ ಹೆಂಡತಿ ಮುನಿಗಂಗಮ್ಮ ಒಬ್ಬಟ್ಟು ಬಡಿಸುತ್ತಿದ್ದವಳು ನಿಂತಳು. “ಅದ್ರಲ್ಲಿ ಬರೋದು ಟ್ಯಾಂಕರ್ ನೀರಲ್ವಾ! ಸೊಸೆಗೆ ಮೈಯೆಲ್ಲ ಗಂಧೆ ಎದ್ಮೇಲೆ ನಮ್ ಮಗ ಶ್ರೀನಾಥ ಎರಡು ವರ್ಷದಿಂದ ಸಂಪ್‌ಗೆ ಟ್ಯಾಂಕರ್ ಹಾಕಿಸ್ತಾವ್ನೆ.”

“ಮತ್ತೆ? ಆಫೀಸರುಗಳು ಮನೆ ಬಾಗಿಲಿಗೆ ಬಂದವ್ರೆ. ನೀರು ಕೊಡಿ ಯಜಮಾನ್ರೇ ಅಂದ್ರು. ಮನೆಗೆ ಬಂದೋರಿಗೆ ಆ ಹಳದಿ ನೀರು ಕೊಡಕಾಯ್ತದಾ? ಏನಂದ್ಕೊಂಡಾರು ನಮ್ಮನ್ನ?”

“ಅವರು ಕುಡಿಯೋಕೆ ಕೇಳಿದ್ದಲ್ಲ ಯಜಮಾನ್ರೇ! ಪರೀಕ್ಷೆ ಮಾಡೋಕೆ!” ಎಂದರು ಇವರು.

“ಹಂಗಂತ ಅವ್ರು ಹೇಳ್ಲಿಲ್ವಲ್ಲ. ಬಾಟ್ಲಿ ಹಿಡಿದ್ರು. ತುಂಬಿಸ್ದೆ. ಕಾಫೀನೂ ಕೊಟ್ಟೆ.”

ಇವರು ನಗಲು ಹೋಗಿ ಒಬ್ಬಟ್ಟು ನೆತ್ತಿಗೇರಿ, ನಾಲ್ಕು ಜನ ಬೆನ್ನು ತಟ್ಟಬೇಕಾಯಿತು.

ನಾನು ನಗಲಿಲ್ಲ. ಇಪ್ಪತ್ತು ದಿನದಿಂದ ಈ ಮನುಷ್ಯನ ಮೇಲೆ ಮನಸ್ಸಿನಲ್ಲೇ ಮೊಕದ್ದಮೆ ನಡೆಸಿದ್ದೆ. ಇಲ್ಲಿ ನಡೆದದ್ದು ಲಂಚವಲ್ಲ, ಮರ್ಯಾದೆ. ಲಂಚವಾಗಿದ್ದರೆ ಬರೆಯಲು ಸುಲಭವಿತ್ತು. ಬೋರಿನ ಮುಂದೆಯೇ ಹಾದುಬಂದ ಅಧಿಕಾರಿಗಳು ಅಲ್ಲಿ ನಿಲ್ಲದೆ ದೊಡ್ಡ ಮನೆಯ ಅಡುಗೆಮನೆಯಲ್ಲಿ ಬಾಟಲಿ ಹಿಡಿದರಲ್ಲ, ಅದಕ್ಕೆ ಏನೆನ್ನುವುದು ಎಂದು ಇನ್ನೂ ಯೋಚಿಸುತ್ತಿದ್ದೇನೆ.

“ಇದನ್ನೇ ಸಭೆಯಲ್ಲಿ ಹೇಳಿಬಿಡಿ,” ಎಂದೆ.

ಅವರು ಮಿಳ್ಳೆ ಕೆಳಗಿಟ್ಟರು. “ಜೂನ್‌ಗೆ ಕರಾರು ಮುಗೀತದೆ ವಿಮಲಮ್ಮ. ನಾನು ಬಾಯಿ ಬಿಟ್ರೆ ಅವ್ರು ಜಾಗ ಬಿಟ್ಟು ಹೋಯ್ತಾರೆ. ಮನೆ ನಡೀತಿರೋದೇ ಆ ಬಾಡಿಗೇಲಿ. ನನ್ನನ್ನ ಮಾತ್ರ ಕೇಳ್ಬೇಡಿ.”

ಮುನಿಗಂಗಮ್ಮ ಇನ್ನೊಂದು ಒಬ್ಬಟ್ಟು ಬಡಿಸುತ್ತ, “ನಾನು ಮಾತಾಡ್ತೀನಿ ಬಿಡಿ,” ಎಂದರು.

“ನಿಂಗೇನ್ ಗೊತ್ತೈತೆ?”

“ನೀರು ಗೊತ್ತೈತೆ.”

ಏಪ್ರಿಲ್ 3, ಗುರುವಾರ

ಕಮ್ಮನಹಳ್ಳಿಯ ಲ್ಯಾಬಿನ ಫಲಿತಾಂಶ ಬಂತು. ಕ್ರೋಮಿಯಂ ಮಿತಿಗಿಂತ ಎಷ್ಟೋ ಪಟ್ಟು ಮೇಲಿದೆ. ಇಲಾಖೆಯ ಕಚೇರಿಗೆ ಒಯ್ದು ಕೊಟ್ಟರೆ, ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, “ಮಾನ್ಯತೆ ಪಡೆದ ಪ್ರಯೋಗಾಲಯ ಅಲ್ಲ ಮೇಡಂ. ಮಾದರಿಯನ್ನು ನಮ್ಮವರ ಎದುರಿಗೆ ಸೀಲ್ ಮಾಡಿಲ್ಲ,” ಎಂದ. ಸರಿ, ನಿಮ್ಮವರ ಎದುರಿಗೇ ಸೀಲ್ ಮಾಡಿಸೋಣ. ಸಭೆಗೇ ನೀರು ತರುತ್ತೇವೆ.

ಮುನಿಗಂಗಮ್ಮನವರಿಗೆ ಎರಡು ಪುಟದ ಭಾಷಣ ಬರೆದುಕೊಟ್ಟು ಓದಿ ಹೇಳಿದೆ. ಒಂದು ಕಡೆ ತಡೆದರು.

“ಸವಿನಯ ಪ್ರಾರ್ಥನೆ ಅಂದ್ರಲ್ಲ, ಅದ್ಯಾಕೆ? ಪ್ರಾರ್ಥನೆ ದೇವ್ರಿಗಲ್ವಾ ಮಾಡೋದು?”

“ಸರ್ಕಾರಕ್ಕೆ ಬರೆಯುವ ಕ್ರಮ ಅದು.”

“ಅವ್ರೇನು ನೀರು ಕೊಡೋ ದೇವ್ರಾ? ನಮ್ ನೀರು ಕೆಡಿಸ್ದೋರು ಯಾರು ಅಂತ ಕೇಳೋಕೆ ಹೋಯ್ತಾ ಇರೋದು.”

ಆ ಸಾಲು ತೆಗೆದೆ. ಆಮೇಲೆ ಎರಡೂ ಪುಟ ತೆಗೆದೆ. ಅವರು ಹೇಗೆ ಹೇಳುತ್ತಾರೋ ಹಾಗೆ ಹೇಳಲಿ.

ಏಪ್ರಿಲ್ 6

ಇವರಿಗೆ ಊಟ ಸೇರುತ್ತಿಲ್ಲ. ಸಭೆಗೆ ಬರುವುದು ಬೇಡ ಎಂದೆ. “ನನ್ನ ಕಿಡ್ನಿ ಬಗ್ಗೆ ಊರವರೆಲ್ಲ ಮಾತಾಡುವಾಗ ನಾನು ಮನೇಲಿ ಕೂತಿರಲಾ?” ಎನ್ನುತ್ತಾರೆ.

ಏಪ್ರಿಲ್ 9, ಬುಧವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಸಭೆ ನಡೆದದ್ದು ಕಲ್ಯಾಣ ಮಂಟಪದಲ್ಲಿ. ನಿನ್ನೆ ಅಲ್ಲಿ ಮದುವೆಯಾಗಿತ್ತು. ವಧೂವರರ ಚಿನ್ನದ ಬಣ್ಣದ ಕುರ್ಚಿಗಳನ್ನು ಪಕ್ಕಕ್ಕೆ ತಳ್ಳಿ, ಹೂವಿನ ಕಮಾನಿನ ಕೆಳಗೆ ಮೇಜು ಹಾಕಿದ್ದರು. ಅಧ್ಯಕ್ಷತೆ ವಹಿಸಿದ ಮೇಡಂ, ಅವರ ಎಡಕ್ಕೆ ವರದಿ ಓದುವ ಅಧಿಕಾರಿ ಲಕ್ಷ್ಮಿಕಾಂತ, ಬಲಕ್ಕೆ ಒಬ್ಬ ತಹಸೀಲ್ದಾರರು. ನಿಯಮದಂತೆ ವಿಡಿಯೋ ಆಗಬೇಕು. ಅದಕ್ಕೆ ಬಂದವನೂ ಮದುವೆ ವಿಡಿಯೋದವನೇ ಇರಬೇಕು, ಹೆಂಗಸರ ಸೀರೆಯ ಅಂಚಿನಿಂದ ಮೇಲಕ್ಕೆ ನಿಧಾನವಾಗಿ ಕ್ಯಾಮೆರಾ ಎತ್ತುತ್ತಿದ್ದ.

ಮುಂದಿನ ಸಾಲಿನಲ್ಲಿ ಕಾರ್ಖಾನೆಯ ಮ್ಯಾನೇಜರ್. ಅವನ ಪಕ್ಕದಲ್ಲಿ, ಜಾಗದ ಮಾಲೀಕರೆಂದು, ಬಿಳಿ ಅಂಗಿಯ ಮುನಿಆಂಜನಪ್ಪ. ನಮ್ಮ ಕಡೆ ನೋಡಲೇ ಇಲ್ಲ.

ಮ್ಯಾನೇಜರ್ ಅಭಿವೃದ್ಧಿಯ ಬಗ್ಗೆ ಮಾತಾಡಿದ. ಹೊಸ ಕೆಲಸಗಳು, ಹೊಸ ರಸ್ತೆ, ಸಸಿ ನೆಡುವುದು. ಲಕ್ಷ್ಮಿಕಾಂತ ಎದ್ದು ವರದಿ ಓದಿದರು. ನೀರು ಎಲ್ಲ ಮಾನದಂಡಗಳಂತೆ ಕುಡಿಯಲು ಯೋಗ್ಯ. ಹಣೆಯಲ್ಲಿ ಕುಂಕುಮ, ತಗ್ಗಿದ ದನಿ, ಒಳ್ಳೆಯ ಕನ್ನಡ. ಈ ಮನುಷ್ಯ ಯಾರೋ ಬರೆದುಕೊಟ್ಟದ್ದನ್ನು ಓದುತ್ತಿದ್ದಾನೆ ಎನಿಸಿತು.

ನಾನು ಮಾತಾಡಿದೆ. ಅಡುಗೆಮನೆಯ ನಲ್ಲಿಯ ವಿಷಯ ಹೇಳಿದೆ, ಲ್ಯಾಬಿನ ಅಂಕಿ ಹೇಳಿದೆ, ಇಪ್ಪತ್ತೊಂದನೇ ವಿಧಿ ಹೇಳಿದೆ. ಮೇಡಂ “ಆಲಿಸಲಾಗಿದೆ” ಎಂದರು. ಮೈಕು ಕಿತ್ತುಕೊಂಡರು.

ಬಸು ಎದ್ದದ್ದು ನನಗೇ ಆಶ್ಚರ್ಯ. ಮ್ಯಾನೇಜರ್ ತಿರುಗಿ ನೋಡುತ್ತಿದ್ದರೂ ಎರಡೂ ಕೈ ಮೇಲೆತ್ತಿ ತೋರಿಸಿದ. “ನಂಗ ಕೆಲ್ಸ ಬೇಕ್ರಿ. ಕೈನೂ ಬೇಕ್ರಿ. ಎರಡೂ ಕೇಳೋದು ತಪ್ಪೇನ್ರಿ?” ಅಷ್ಟೇ ಹೇಳಿ ಕುಳಿತ. ಮಂಟಪದ ತುಂಬ ಚಪ್ಪಾಳೆ. ಅದಕ್ಕೂ “ಆಲಿಸಲಾಗಿದೆ.”

ಆಗ ಮುನಿಗಂಗಮ್ಮ ಬಂದರು. ನಾನು ಅವರಿಗೆ ಗಾಜಿನ ಬಾಟಲಿ ಕೊಟ್ಟಿದ್ದೆ. ಅದನ್ನು ಮನೆಯಲ್ಲೇ ಬಿಟ್ಟು, ಬೋರಿನ ನೀರನ್ನು ಹಿತ್ತಾಳೆ ಚೊಂಬಿನಲ್ಲಿ ತುಂಬಿ, ಅರಿಶಿನ ಕುಂಕುಮ ಇಟ್ಟು, ಬಾಯಿಗೆ ಕಣಗಿಲೆ ಹೂ ಸಿಕ್ಕಿಸಿ, ಸೆರಗು ಹೊದ್ದು, ಎರಡೂ ಕೈಯಲ್ಲಿ ಹಿಡಿದು ತಂದಿದ್ದಾರೆ. ಹಿಂದಿನಿಂದ “ಬಾಟ್ಲಿ ಎಲ್ಲಿ?” ಎಂದು ಪಿಸುಗುಟ್ಟಿದೆ. “ಒಳ್ಳೆ ಕೆಲಸಕ್ಕೆ ಹೋಯ್ತಾ ಗಂಗಮ್ಮನ್ನ ಬಾಟ್ಲೀಲಿ ಹೊತ್ಕೊಂಡೋಗಕಾಯ್ತದಾ?” ಎಂದರು. ಕುರ್ಚಿಗಳ ನಡುವೆ ಹೆಂಗಸರು ದಾರಿ ಬಿಟ್ಟರು. ಅವರು ಮೆಟ್ಟಿಲು ಹತ್ತಿ ಹೂವಿನ ಕಮಾನಿನ ಕೆಳಗೆ ನಿಂತರು.

ಲಕ್ಷ್ಮಿಕಾಂತ ಎದ್ದು ನಿಂತರು. ಕಾಲಿನಿಂದ ಚಪ್ಪಲಿ ಜಾರಿಸಿದರು. ಬಲಗೈಯನ್ನು ಗುಳಿ ಮಾಡಿ, ಎಡಗೈ ಕೆಳಗಿಟ್ಟು, ಮುಂದೆ ಚಾಚಿದರು.

ಅವರನ್ನು ತಡೆಯಬಹುದಿತ್ತು. ಏನಾಗುತ್ತಿದೆ ಎಂದು ನನಗೆ ಹೊಳೆಯಲಿಲ್ಲ, ಯಾರಿಗೂ ಹೊಳೆಯಲಿಲ್ಲ. ಚಾಚಿದ ಕೈಯನ್ನು ಕಂಡು ಮುನಿಗಂಗಮ್ಮನವರ ಚೊಂಬು ತಾನೇ ಬಾಗಿತು. ಲಕ್ಷ್ಮಿಕಾಂತ ಕಣ್ಣು ಮುಚ್ಚಿ ಕುಡಿದರು. ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

“ಉಗೀರಿ ಸಾರ್!”

ಕೂಗಿದ್ದು ಮುನಿಆಂಜನಪ್ಪ. ಕುರ್ಚಿ ಹಿಂದಕ್ಕೆ ಬಿತ್ತು. “ನುಂಗಬೇಡಿ! ಉಗೀರಿ! ತೀರ್ಥ ಅಲ್ಲ ಅದು, ನಮ್ ಬೋರ್ ನೀರು! ವಿಷ ಅದು, ವಿಷ!”

ಮೈಕು ಅವರ ಮುಂದೆಯೇ ಇತ್ತು. ಮಂಟಪದ ಎಲ್ಲ ಸ್ಪೀಕರುಗಳೂ ವಿಷ ಎಂದವು.

“ಅಯ್ಯೋ, ಕೈ ಒಡ್ಡಿದ್ರಲ್ಲಪ್ಪ, ಬಗ್ಗಿಸ್ಬಿಟ್ಟೆ!” ಎಂದು ಮುನಿಗಂಗಮ್ಮ ಅಳತೊಡಗಿದರು. ಲಕ್ಷ್ಮಿಕಾಂತರ ಮುಖ ಬಿಳಿಚಿತು. ಹೂಕುಂಡದ ಪಕ್ಕ ಬಗ್ಗಿ ವಾಂತಿ ಮಾಡಲು ನೋಡಿದರು, ಬರಲಿಲ್ಲ. ಎಲ್ಲರಿಗಿಂತ ಮೊದಲು ಓಡಿದವನು ಮ್ಯಾನೇಜರ್. “ಕಾರು! ನನ್ನ ಕಾರು ತಗೊಂಬನ್ನಿ! ಆಸ್ಪತ್ರೆಗೆ ಫೋನ್ ಮಾಡಿ, ಕ್ರೋಮಿಯಂ ಅಂತ ಹೇಳಿ!”

ಅಧಿಕಾರಿಗೆ ಗಾಳಿ ಬೀಸಿದವರು ನಮ್ಮ ರಸ್ತೆಯ ಹೆಂಗಸರು. ಬಾಯಿ ಮುಕ್ಕಳಿಸಲು ಕ್ಯಾನ್ ನೀರು ತಂದವನು ಬಸು. ಊದಿದ ಕಾಲಿನಲ್ಲಿ ಮೆಟ್ಟಿಲು ಹತ್ತಿ ಹೋಗಿ, “ಏನೂ ಆಗಲ್ಲ ಸಾರ್, ನಾನು ವರ್ಷಗಟ್ಟಲೆ ಕುಡಿದಿದ್ದೀನಿ, ನೋಡಿ ಇನ್ನೂ ನಿಂತಿದ್ದೀನಿ,” ಎಂದು ಬೆನ್ನು ಸವರಿದವರು ನನ್ನ ಗಂಡ. ಲಕ್ಷ್ಮಿಕಾಂತ ನಮ್ಮ ವಿರುದ್ಧ ವರದಿ ಓದಿದ ಮನುಷ್ಯ. ಆ ಹೊತ್ತಿನಲ್ಲಿ ಅದು ಒಬ್ಬರಿಗೂ ನೆನಪಿರಲಿಲ್ಲ.

ಕಾರು ಬಾಗಿಲಿಗೆ ಬಂತು. ಲಕ್ಷ್ಮಿಕಾಂತರನ್ನು ಹತ್ತಿಸುವಾಗ ಮುನಿಗಂಗಮ್ಮ ಕಣ್ಣೊರೆಸಿಕೊಂಡು ಮ್ಯಾನೇಜರನನ್ನು ಕೇಳಿದರು. ಚುಚ್ಚಿ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು.

“ಕುಡಿಯೋ ನೀರು ಅಂತ ಈಗ್ತಾನೆ ಓದಿದ್ರಲ್ಲಪ್ಪ. ಮತ್ಯಾಕೆ ಆಸ್ಪತ್ರೆ?”

ಅವನು ಕಾರಿನ ಗಾಜು ಏರಿಸಿದ.

ಮೇಡಂ ಸಭೆ ಮುಗಿಯಿತೆಂದು ಘೋಷಿಸಿ ಹೊರಟರು. ಜನ ಕದಲಲಿಲ್ಲ. ಮುನಿಆಂಜನಪ್ಪ ಬಿದ್ದ ಕುರ್ಚಿ ಎತ್ತಿ ನಿಲ್ಲಿಸಿ, ನಮ್ಮ ಸಾಲಿಗೆ ಬಂದು, ಹೆಂಡತಿಯ ಪಕ್ಕ ಕುಳಿತರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮುನಿಗಂಗಮ್ಮ ಸೆರಗು ಸರಿಮಾಡಿಕೊಂಡು, “ಗಂಟಲು ಚೆನ್ನಾಗೈತೆ ನಿಂದು,” ಎಂದರು.

ಇಪ್ಪತ್ತೆಂಟು ವರ್ಷದಿಂದ ಈ ರಸ್ತೆಯಲ್ಲಿದ್ದೇನೆ. ಈ ರಸ್ತೆಯವಳು ಎಂದು ಇವತ್ತು ಯಾರಾದರೂ ಕರೆದಿದ್ದರೆ ತಲೆಯೆತ್ತಿ ಹೌದೆನ್ನುತ್ತಿದ್ದೆ.

ಏಪ್ರಿಲ್ 11, ಶುಕ್ರವಾರ

ಲಕ್ಷ್ಮಿಕಾಂತರಿಗೆ ಏನೂ ಆಗಿಲ್ಲ. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು, ರಕ್ತ, ಮೂತ್ರ, ಎಲ್ಲ ಪರೀಕ್ಷೆ ಮಾಡಿ ಕಳಿಸಿದರಂತೆ. ಒಂದು ಗುಟುಕಿಗೆ ಅಷ್ಟು ಪರೀಕ್ಷೆ. ಒಳ್ಳೆಯದೇ ಆಯಿತು, ಅವರ ಮನೆಯವರು ನೆಮ್ಮದಿಯಿಂದಿರಲಿ. ನಮ್ಮ ರಸ್ತೆಯಲ್ಲಿ ಇಷ್ಟು ವರ್ಷದಲ್ಲಿ ಯಾರೊಬ್ಬರ ಮೂತ್ರವನ್ನೂ ಯಾರೂ ಕೇಳಿದ್ದಿಲ್ಲ.

ಕರಾರು ಮುಂದುವರಿಸುವುದಿಲ್ಲ ಎಂದು ಕಾರ್ಖಾನೆಯಿಂದ ಮುನಿಆಂಜನಪ್ಪನವರಿಗೆ ಫೋನ್ ಬಂದಿದೆ. ಜಗಲಿಯಲ್ಲಿ ಕುಳಿತಿದ್ದರು. ಹೋಗಿ ಎದುರಿಗೆ ನಿಂತೆ.

“ಕೂತ್ಕೊಳ್ಳಿ ವಿಮಲಮ್ಮ. ಅವ್ರು ಹೋಗೋದೇನೋ ಹೋಯ್ತಾರೆ. ನೆಲದಾಗೆ ಇಳಿಸಿರೋದನ್ನ ಯಾರು ತೆಗೀತಾರೆ? ಆ ಮಣ್ಣಾಗೆ ಇನ್ನು ರಾಗಿ ಹಾಕೋಕಾಯ್ತದಾ? ಅದನ್ನ ಮೊದ್ಲು ಕೇಳಿ. ಅವ್ರೇ ತೊಳೆದುಕೊಟ್ಟು ಹೋಗ್ಬೇಕು.”

ಕೇಳೋಣ ಎಂದೆ. ಬಸುವನ್ನು ಇನ್ನೂ ಕೆಲಸದಿಂದ ತೆಗೆದಿಲ್ಲ. ನಿನ್ನೆಯಿಂದ ಎಲ್ಲರಿಗೂ ರಬ್ಬರಿನ ಕೈಗವಸು ಕೊಟ್ಟಿದ್ದಾರಂತೆ. “ಭಾಳ ದೊಡ್ಡುವು ಅದಾವ್ರಿ, ಆದ್ರ ಅದಾವು,” ಎಂದು ಹಾಕಿಕೊಂಡು ಬಂದು ತೋರಿಸಿದ.

ಏಪ್ರಿಲ್ 21

ಶಿವಾಜಿನಗರ. ನೌರೀನ್ ವರದಿಯನ್ನು ಎರಡು ಸಲ ನೋಡಿದಳು. “ಇಳಿದಿಲ್ಲ ಅಂಕಲ್. ಆದ್ರೆ ಏರಿಲ್ಲ. ನಂಗೆ ಇದೇ ಸಾಕು.” ರಸ್ತೆಯ ಎಲ್ಲರಿಗೂ ರಕ್ತ ಪರೀಕ್ಷೆ ಮಾಡಲು ಒಂದು ಭಾನುವಾರ ಬರುತ್ತೇನೆಂದಳು. ಇವರು ಬಸ್‌ಸ್ಟ್ಯಾಂಡಿನವರೆಗೆ ಒಂದೇ ಕಡೆ ನಿಂತರು. ಪಪ್ಪಾಯ ಕೊಂಡೇಬಿಟ್ಟರು.

ಏಪ್ರಿಲ್ 24, ಗುರುವಾರ

ಸಭೆಯ ನಡಾವಳಿ ಬಂತು. ಹೀಗಿದೆ: ‘ಸಭೆಯು ಶಾಂತಿಯುತವಾಗಿ ನಡೆಯಿತು. ಸಾರ್ವಜನಿಕರ ಅಭಿಪ್ರಾಯಗಳನ್ನು ಆಲಿಸಲಾಯಿತು. ಬಿಸಿಲಿನ ತಾಪದಿಂದ ಒಬ್ಬ ಅಧಿಕಾರಿಗೆ ತಲೆಸುತ್ತು ಬಂದ ಕಾರಣ ಸಭೆಯನ್ನು ಮುಕ್ತಾಯಗೊಳಿಸಲಾಯಿತು. ನೀರಿನ ಗುಣಮಟ್ಟದ ಬಗ್ಗೆ ವರದಿಯಲ್ಲಿರುವಂತೆ ದಾಖಲಿಸಿಕೊಳ್ಳಲಾಗಿದೆ.’ ಕೆಳಗೆ ಮೂರು ಸಹಿ ಇರಬೇಕಿತ್ತು. ಎರಡಿವೆ. ಲಕ್ಷ್ಮಿಕಾಂತ ಸಹಿ ಹಾಕಿಲ್ಲ. ಆ ಖಾಲಿ ಜಾಗವನ್ನು ಕಂಡು ಅವರ ಮೇಲೆ ಗೌರವ ಬಂತು.

ವಿಡಿಯೋ ಕೊಡಿ ಎಂದರೆ ತಾಂತ್ರಿಕ ದೋಷವಂತೆ. ದೋಷವಿರಲಿ, ನಮ್ಮಲ್ಲಿ ಫೋನುಗಳಿವೆ. ಮುನಿಆಂಜನಪ್ಪನವರ ಕೂಗು ಈಗ ಕೆ.ಆರ್. ಪುರದವರೆಗೆ ಕೇಳಿದೆ.

ಮಧ್ಯಾಹ್ನ ನಮ್ಮ ಹಜಾರದಲ್ಲೇ ರಸ್ತೆಯವರೆಲ್ಲ ಸೇರಿದೆವು. ಮುಂದಿನ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಲಾಖೆಯ ಬಾಗಿಲಲ್ಲಿ ನಿಲ್ಲುತ್ತೇವೆ. ಪತ್ರಿಕೆಯವರಿಗೂ ತಿಳಿಸಿದ್ದೇವೆ. ಒಬ್ಬೊಬ್ಬರು ಒಂದೊಂದು ಮಾತು ಹೇಳಿದರು, ನಾನು ಬರೆದುಕೊಂಡೆ:

ಏಪ್ರಿಲ್ ಒಂಬತ್ತರಂದು ನಿಮ್ಮ ಅಧಿಕಾರಿ ನಮ್ಮ ನೀರನ್ನು ಒಂದು ಗುಟುಕು ಕುಡಿದರು. ನೀವು ಅವರನ್ನು ಕಾರ್ಖಾನೆಯ ಕಾರಿನಲ್ಲಿ ಆಸ್ಪತ್ರೆಗೆ ಒಯ್ದಿರಿ. ಆ ನೀರು ಯೋಗ್ಯವಾಗಿದ್ದರೆ ಒಯ್ದದ್ದು ಯಾಕೆ? ಯೋಗ್ಯವಲ್ಲದಿದ್ದರೆ ನಮಗೆ ಕುಡಿಸಿದ್ದು ಯಾಕೆ? ಇವೆರಡರಲ್ಲಿ ಒಂದಕ್ಕೆ ಉತ್ತರ ಇರಲೇಬೇಕು. ಕಾಗದದಲ್ಲಿ ಬೇಡ. ನಮ್ಮ ರಸ್ತೆಗೆ ಬನ್ನಿ, ಬೋರಿನ ಪಕ್ಕ ನಿಲ್ಲಿ, ನಮ್ಮೆಲ್ಲರ ಎದುರಿಗೆ ಬಾಯಿಬಿಟ್ಟು ಹೇಳಿ.